ಹೋರಾಟಕ್ಕೆ ಇಳಿಯುವ ಮುಂಚೆ ದಾರಿ ನೋಡಿಕೊಳ್ಳುವುದು ಹೇಗೆ?

ಊರಿಗೆ ರಸ್ತೆ ಬೇಕು, ಗುಡ್ಡ ಉಳಿಯಬೇಕು, ಬೇಡಿಕೆ ಏನೇ ಇರಲಿ, ಮೊದಲು ಒಂದು ಕೇಳಿಕೊಳ್ಳಿ: ನೀವು ಹಿಡಿಯುವ ದಾರಿಯನ್ನೇ ಎದುರು ಪಾರ್ಟಿಯವರು ಹಿಡಿದರೆ ಒಪ್ಪುತ್ತೀರಾ? ಇಲ್ಲವಾದರೆ ಆ ದಾರಿ ಕೈಬಿಡಿ.

ಎಡವುವುದು ಸಹಿ ಸಂಗ್ರಹದಲ್ಲೇ. ಮುಂಬೈಯಲ್ಲಿರುವ ಮಗನ ಸಹಿಯನ್ನು ಅಪ್ಪನೇ ಗೀಚುತ್ತಾನೆ, ಕೇಳಿದರೆ "ಒಳ್ಳೆ ಕೆಲಸಕ್ಕೆ ಅಲ್ವಾ" ಅಂತಾನೆ. ಬೇಡ. ಒಂದು ಸುಳ್ಳು ಸಹಿ ಸಿಕ್ಕಿಬಿದ್ದರೆ ನಿಜವಾದವನ್ನೂ ಯಾರೂ ನಂಬುವುದಿಲ್ಲ. ನಲವತ್ತೇ ಇದ್ದರೆ ನಲವತ್ತೇ ಕೊಡಿ. ಬೇರೆಲ್ಲೋ ಕುಸಿದ ಗುಡ್ಡದ ಫೋಟೋವನ್ನು ನಮ್ಮ ಘಟ್ಟದ್ದು ಅಂತ ವಾಟ್ಸಾಪಿಗೆ ಹಾಕುವುದೂ ಇದೇ ಜಾತಿ.

ಆಮೇಲೆ, ಪೆಟ್ಟು ಯಾರಿಗೆ ಬೀಳುತ್ತದೆ ನೋಡಿ. ಬಂದ್ ಆದರೆ ಕಾರವಾರದಲ್ಲಿ ಮೀನು ಮಾರುವ ಅಕ್ಕನ ಬುಟ್ಟಿ ಅವತ್ತೇ ಹಾಳು, ಮಂತ್ರಿಗೆ ಏನೂ ಆಗುವುದಿಲ್ಲ. 1930ರಲ್ಲಿ ಅಂಕೋಲಾದಲ್ಲಿ ಉಪ್ಪಿನ ಕಾನೂನು ಮುರಿದವರು ಕಷ್ಟವನ್ನು ತಮ್ಮ ಮೈಮೇಲೇ ಎಳೆದುಕೊಂಡರು. 1983ರಲ್ಲಿ ಶಿರಸಿಯ ಸಾಲ್ಕಣಿ ಕಡೆಯವರು ಕಾಡು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡು ನಿಂತರು, ಅಷ್ಟೇ, ಯಾರಿಗೂ ಹೊಡೆಯಲು ಹೋಗಲಿಲ್ಲ.

ಮೆರವಣಿಗೆಯಲ್ಲಿ ಹುಡುಗರು ಕಲ್ಲು ಎತ್ತಿಕೊಂಡರೆ? 1922ರಲ್ಲಿ ಉತ್ತರ ಪ್ರದೇಶದ ಚೌರಿ ಚೌರಾದಲ್ಲಿ ಜನರ ಗುಂಪು ಠಾಣೆಗೆ ಬೆಂಕಿ ಹಚ್ಚಿ ಪೊಲೀಸರನ್ನು ಕೊಂದ ಮೇಲೆ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಅವರ ಕಡೆಯವರೇ ಸಿಟ್ಟಾದರು, ವಾದ ಇನ್ನೂ ಮುಗಿದಿಲ್ಲ. ನನಗಂತೂ ನಿಲ್ಲಿಸಿದ್ದು ಸರಿ ಅನಿಸುತ್ತದೆ. ಹಾಗಾಗಿ "ಸಾಕು, ಮನೆಗೆ ಹೋಗಿ" ಅಂತ ಹೇಳುವವರು ಯಾರು ಅನ್ನುವುದನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ.