ಮೈದಾನದ ಪಕ್ಕ ಒಂದು ಸ್ಟ್ರೂಪ್ ಹಾಳೆ

ವ್ಯಾಯಾಮದಿಂದ ಮನಸ್ಸಿನ ಹಿಡಿತ ಹೆಚ್ಚುತ್ತದೆಯೇ ಎಂದು ಕಾಲೇಜಿನಲ್ಲೇ ಅಳೆದು ನೋಡಲು ನಾವು ಬಳಸುವುದು 1935ರ ಸ್ಟ್ರೂಪ್ ಪರೀಕ್ಷೆ. ಎ4 ಹಾಳೆಯಲ್ಲಿ ಸಾಲಿಗೆ 5ರಂತೆ 40 ಪದಗಳು. 'ಕೆಂಪು' ಎಂಬ ಪದ ಹಸಿರು ಬಣ್ಣದಲ್ಲಿ ಅಚ್ಚಾಗಿರುತ್ತದೆ, ವಿದ್ಯಾರ್ಥಿ 'ಹಸಿರು' ಎನ್ನಬೇಕು. ಓದಿಬಿಡುವ ನಾಲಿಗೆಯ ಆತುರವನ್ನು ತಡೆಯುವುದರಲ್ಲಿ ಹಣೆಯ ಹಿಂದಿನ ಮಿದುಳಿನ ಪಾಲು ದೊಡ್ಡದು. ಬರೀ ಬಣ್ಣದ ಚೌಕಗಳ ಇನ್ನೊಂದು ಹಾಳೆ ಕೊಟ್ಟು ಅದರ ಬಣ್ಣಗಳನ್ನೂ ಹೇಳಿಸಿ. ಎರಡಕ್ಕೂ ಹಿಡಿದ ಸೆಕೆಂಡುಗಳ ಅಂತರವೇ ಲೆಕ್ಕ, ಅದು ಕಡಿಮೆಯಾದಷ್ಟೂ ಹಿಡಿತ ಹೆಚ್ಚು. ಹಳದಿ ಬಣ್ಣ ಬಿಳಿ ಹಾಳೆಯ ಮೇಲೆ ಮಂಕಾಗುತ್ತದೆ, ಅರಿಶಿನದಷ್ಟು ಗಾಢವಿರಲಿ. ಕನ್ನಡ ತಡವರಿಸಿ ಓದುವವರನ್ನು ಕನ್ನಡ ಪದ ಅಷ್ಟಾಗಿ ಎಳೆಯುವುದಿಲ್ಲ, ಅಂತರ ಸುಳ್ಳೇ ಕಡಿಮೆ ಬರುತ್ತದೆ. ಅವರಿಗೆ ಇಂಗ್ಲಿಷ್ ಹಾಳೆ ಕೊಡಿ.

ವ್ಯಾಯಾಮ: 5 ನಿಮಿಷ ಬಿರುಸು ನಡಿಗೆ, 20 ನಿಮಿಷ ನಿಧಾನ ಓಟ, ಮತ್ತೆ 5 ನಿಮಿಷ ನಡಿಗೆ. 20ರ ವಯಸ್ಸಿಗೆ ನಾಡಿ ನಿಮಿಷಕ್ಕೆ 120ರಿಂದ 140. ಓಟ ನಿಂತ ಕೂಡಲೇ ಮಣಿಕಟ್ಟಿನಲ್ಲಿ 15 ಸೆಕೆಂಡು ಎಣಿಸಿದರೆ 30ರಿಂದ 35 ಸಿಗಬೇಕು. ಓಡುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹುಡುಗರು ಪೈಪೋಟಿಗೆ ಬಿದ್ದು ಕೊನೆಯ ಸುತ್ತು ಕಿತ್ತುಕೊಂಡು ಓಡಿದರೆ ಆ ದಿನದ ಅಂಕಿ ಬಿಟ್ಟುಬಿಡಿ. ಏದುಸಿರಿನಲ್ಲಿ ಬಣ್ಣ ಹೇಳಲು ಬಾಯೇ ತಡವರಿಸುತ್ತದೆ. 10 ನಿಮಿಷ ಕೂರಿಸಿ, ಆಮೇಲೆ ಪರೀಕ್ಷೆ. ಮುಂಚಿನ 2 ಗಂಟೆ ಕಾಫಿ, ಟೀ ಬೇಡ.

ಎಲ್ಲರೂ ಎಡವುವುದು ಇಲ್ಲಿ: ಎರಡನೇ ಸಲ ಯಾರೇ ಆದರೂ ಬೇಗ ಹೇಳುತ್ತಾರೆ. ಅದು ಓಟದ ಫಲವಲ್ಲ, ರೂಢಿ. ಅರ್ಧ ತಂಡ ಓಡಲಿ, ಇನ್ನರ್ಧ ಅಷ್ಟೇ ಹೊತ್ತು ಲೈಬ್ರರಿಯಲ್ಲಿ ಕೂರಲಿ. ವಾರದ ನಂತರ ಅದೇ ಗಂಟೆಗೆ ಅದಲುಬದಲು ಮಾಡಿ, ಪ್ರತಿಸಲ ಪದಗಳ ಸಾಲು ಬದಲಿಸಿ. ಹೀಗೆ ಮಾಡಿದಾಗ ಉಳಿಯುವ ಲಾಭ ಸಣ್ಣದು, ಬೇಗ ಕರಗುವಂಥದ್ದು. ಓದಲು ಕೂರುವ ಸ್ವಲ್ಪ ಮುಂಚೆ ಓಡಿ ಎನ್ನುವುದು ಅದಕ್ಕೇ.

ದಿನಬಳಕೆಯ ಹಿಡಿತಕ್ಕೆ ತಿಂಗಳುಗಳೇ ಬೇಕು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಓಟನ್ ಮತ್ತು ಚೆಂಗ್ 24 ಮಂದಿಗೆ ಎರಡು ತಿಂಗಳು ವ್ಯಾಯಾಮ ಮಾಡಿಸಿದಾಗ ಸಿಗರೇಟು, ಕಾಫಿ, ದುಡುಕಿನ ಖರೀದಿ ಕಡಿಮೆಯಾದವು. ಸಿಂಕಿನಲ್ಲಿ ಬಿಟ್ಟ ಪಾತ್ರೆಗಳು ಕೂಡ! ಆದರೆ 24 ಸಣ್ಣ ಸಂಖ್ಯೆ. ಸಂಕಲ್ಪಶಕ್ತಿ ಸ್ನಾಯುವಿನಂತೆ ದಣಿಯುತ್ತದೆಂಬ ಅವರ ಆಧಾರಸಿದ್ಧಾಂತವೂ 2016ರಲ್ಲಿ 23 ಪ್ರಯೋಗಾಲಯಗಳು ಒಟ್ಟಾಗಿ ಪರೀಕ್ಷಿಸಿದಾಗ ನಿಲ್ಲಲಿಲ್ಲ. ಹಾಗಾಗಿ ವಿದ್ಯಾರ್ಥಿಗಳಿಗೆ ಆ ಮಾತು ಹೇಳಬೇಡಿ, ವೇಳಾಪಟ್ಟಿ ಕೊಡಿ: ಮೊದಲೆರಡು ವಾರ ವಾರಕ್ಕೆ 3 ದಿನ, ಆಮೇಲೆ 4 ದಿನ. ಇಂಟರ್ನಲ್ಸ್ ಬಂದಾಗಲೇ ಹೆಚ್ಚಿನವರು ಬಿಡುವುದು. ಆ ವಾರ 15 ನಿಮಿಷ ಹಾಸ್ಟೆಲ್ ಮೆಟ್ಟಿಲು ಹತ್ತಿಳಿದರೂ ನಡೆದೀತು.