ಅಲುಗಾಡಿಸಿದರೆ ಸ್ಟಾರ್ಟ್ ಆಗುತ್ತಿದ್ದ ಬೈಕು

ಗೋವಾದ ವಾಸ್ಕೋದ ಪೆಟ್ರೋಲ್ ಪಂಪು, ಬೆಳಿಗ್ಗೆ ಎಂಟು ಗಂಟೆ. ಹಿಂದೆ ಏಳೆಂಟು ಗಾಡಿ ನಿಂತಿದ್ದವು. ದುಡ್ಡು ಕೊಟ್ಟು ಬಟನ್ ಒತ್ತಿದೆ. ಸೀಟಿನ ಕೆಳಗೆ ‘ಟಕ್’ ಎಂದಿತು, ಅಷ್ಟೇ. ಮತ್ತೆ ಒತ್ತಿದೆ, ಮತ್ತೆ ಟಕ್. ಪಂಪಿನ ಹುಡುಗ ನಮ್ಮ ಕಡೆಯವನೇ. “ಅಣ್ಣಾರ, ಸ್ವಲ್ಪ ಬಾಜೂಕ ತಗೋರಿ” ಎಂದ. ಹತ್ತು ಹೆಜ್ಜೆ ತಳ್ಳಿಕೊಂಡು ಹೋಗಿ ಸುಮ್ನೆ ಇನ್ನೊಮ್ಮೆ ಒತ್ತಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು.

ನನ್ನದು 150 ಸಿಸಿಯ, ಕಾರ್ಬುರೇಟರ್ ಇರುವ ಗಾಡಿ. ಕಿಕ್ಕರ್ ಇಲ್ಲ. ಧಾರವಾಡದಿಂದ ತಂದು ಐದು ಮಳೆಗಾಲ ಕಳೆದಿತ್ತು. ದಿನಾ ವಾಸ್ಕೋದಿಂದ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಗಿ ಬರುವುದು. ರಾತ್ರಿ ಬೈಣಾದಲ್ಲಿ ಸಮುದ್ರದ ಗಾಳಿಗೆ ನಿಲ್ಲುವುದು. ಈ ಗಾಳಿಯ ವಿಷಯ ಆಮೇಲೆ ಬರುತ್ತದೆ.

ಮೆಕ್ಯಾನಿಕ್ ಹತ್ತಿರ ಹೋದೆ. ಅವರೂ ಗದಗ ಕಡೆಯವರು. ಎರಡು ಸಲ ಬಟನ್ ಒತ್ತಿ ನೋಡಿ, “ಬ್ಯಾಟರಿ ಹೋಗೇತ್ರಿ ಸರ, ಹೊಸಾದ್ ಹಾಕ್ಸಿಬಿಡ್ರಿ” ಎಂದರು. ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು, ನನಗೂ ಸರಿ ಅನಿಸಿತು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ಹಾಕಿಸಿದೆ. ಎರಡು ವಾರ ಬೈಕು ಬೆಣ್ಣೆಯ ಹಾಗೆ ಸ್ಟಾರ್ಟ್ ಆಯಿತು. ಮೂರನೇ ವಾರ ಮತ್ತೆ ಅದೇ ‘ಟಕ್’.

ಆ ಎರಡು ವಾರವೇ ನನ್ನನ್ನು ದಾರಿ ತಪ್ಪಿಸಿದ್ದು. ಬ್ಯಾಟರಿ ಬದಲಿಸುವಾಗ ಕೇಬಲ್‌ಗಳನ್ನು ಬಿಚ್ಚುತ್ತಾರೆ, ಎಳೆಯುತ್ತಾರೆ, ತಿರುಚುತ್ತಾರೆ. ಕೆಟ್ಟ ಜಾಯಿಂಟು ಅಷ್ಟಕ್ಕೇ ಸ್ವಲ್ಪ ದಿನ ಸರಿಯಾಗುತ್ತದೆ. ಹೆಸರು ಮಾತ್ರ ಹೊಸ ಬ್ಯಾಟರಿಗೆ.

ಕೊನೆಗೆ ವೋಲ್ಟ್, ಕರೆಂಟ್ ಅಳೆಯುವ ಒಂದು ಅಗ್ಗದ ಮಲ್ಟಿಮೀಟರ್ ತಂದೆ. ಭಾನುವಾರ ಅಕ್ಕನ ಮಗನನ್ನು ಬಟನ್ ಒತ್ತಲು ಕೂರಿಸಿದೆ. ಗಾಡಿ ನ್ಯೂಟ್ರಲ್‌ನಲ್ಲಿ, ಕ್ಲಚ್ ಹಿಡಿದು. ಸುಮ್ಮನೆ ನಿಂತಾಗ ಬ್ಯಾಟರಿ 12.7 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಅಷ್ಟೇ ತೋರಿಸುವುದು. ಆದರೆ ಇದನ್ನು ನಂಬಬಾರದು. ಒಳಗೆ ಸತ್ತ ಬ್ಯಾಟರಿಯೂ ಕೆಲಸವಿಲ್ಲದೆ ಕೂತಾಗ 12.5 ತೋರಿಸಬಲ್ಲದು. ಅದರ ಬಂಡವಾಳ ಗೊತ್ತಾಗುವುದು ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್ ಕರೆಂಟ್ ಎಳೆಯುವಾಗ. ಆಗ ಒಳ್ಳೆ ಬ್ಯಾಟರಿ ಹತ್ತರ ಮೇಲೆ ನಿಲ್ಲುತ್ತದೆ, ಸೋತದ್ದು ಎಂಟು ಒಂಬತ್ತಕ್ಕೆ ಕುಸಿಯುತ್ತದೆ.

ಹತ್ತು ಸಲ ಒತ್ತಿಸಿದೆ. ಸ್ಟಾರ್ಟ್ ಆದಾಗಲೆಲ್ಲ 10.8 ಆಸುಪಾಸು. ಹನ್ನೊಂದನೇ ಸಲ ಬರೀ ‘ಟಕ್’. ಮೀಟರ್ ನೋಡಿದೆ: 12.5.

ಇಲ್ಲೇ ತಲೆಯಲ್ಲಿ ದೀಪ ಹತ್ತಿತು. ಬ್ಯಾಟರಿ ಸೋತಿದ್ದರೆ ವೋಲ್ಟ್ ಬೀಳಬೇಕಿತ್ತು. ಇಲ್ಲಿ ಅದು ಬೀಳಲೇ ಇಲ್ಲ. ಅಂದರೆ ಬ್ಯಾಟರಿಯಿಂದ ಕರೆಂಟೇ ಹೊರಟಿಲ್ಲ. ಬಾವಿಯಲ್ಲಿ ನೀರಿದೆ, ಪೈಪು ಕಟ್ಟಿದೆ.

ಪೈಪಿಗೆ ಎರಡು ಭಾಗ. ಬ್ಯಾಟರಿಯ ಪ್ಲಸ್‌ನಿಂದ ರಿಲೇ ದಾಟಿ ಸ್ಟಾರ್ಟರ್ ಮೋಟರಿನವರೆಗೆ ಒಂದು. ರಿಲೇ ಅಂದರೆ ಬಟನ್ ಒತ್ತಿದಾಗ ‘ಟಕ್’ ಎಂದು ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚು. ಇಂಜಿನ್ ಬಾಡಿಯಿಂದ ವಾಪಸ್ ಮೈನಸ್‌ಗೆ ಇನ್ನೊಂದು, ಅದೇ ಅರ್ಥಿಂಗ್. ಯಾವ ಭಾಗದ ಎರಡು ತುದಿಗೆ ಮೀಟರ್ ಹಿಡಿದರೂ, ಆ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ತೋರಿಸುತ್ತದೆ. ಮೊದಲು ಮೀಟರಿನ ಒಂದು ಕಡ್ಡಿ ಪ್ಲಸ್ ಟರ್ಮಿನಲ್‌ಗೆ, ಇನ್ನೊಂದು ಸ್ಟಾರ್ಟರ್ ಮೋಟರಿನ ಬೋಲ್ಟಿಗೆ. “ಒತ್ತೋ.” ‘ಟಕ್’ ಎಂದಾಗ 0.1. ಈ ಕಡೆ ಸರಿ ಇದೆ, ರಿಲೇ ಕೂಡ. ಆಮೇಲೆ ಒಂದು ಕಡ್ಡಿ ಮೈನಸ್ ಟರ್ಮಿನಲ್‌ಗೆ, ಇನ್ನೊಂದು ಇಂಜಿನ್ ಮೇಲಿನ ಬಣ್ಣವಿಲ್ಲದ ಬೋಲ್ಟಿಗೆ. “ಒತ್ತೋ.” 11.9! ಇಲ್ಲಿ 0.2ಕ್ಕಿಂತ ಜಾಸ್ತಿ ಬರಬಾರದು. ಬಟನ್ ಬಿಟ್ಟು ಬೈಕನ್ನು ಒಮ್ಮೆ ಅಲುಗಾಡಿಸಿ ಒತ್ತಿಸಿದರೆ 0.9, ಗಾಡಿ ಸ್ಟಾರ್ಟ್. ಹುಡುಗ, “ಮಾಮಾ, ಸಿಕ್ತೇನು?” ಎಂದ.

ಖಾತ್ರಿಗೆ ಒಂದು ದಪ್ಪ ಜಂಪರ್ ಕೇಬಲ್ ತಂದು ಮೈನಸ್ ಟರ್ಮಿನಲ್‌ನಿಂದ ಇಂಜಿನ್ ಬಾಡಿಗೆ ಹಿಡಿದೆ. ಇಪ್ಪತ್ತು ಸಲ ಒತ್ತಿಸಿದೆ, ಇಪ್ಪತ್ತು ಸಲವೂ ಎದ್ದಿತು.

ನಿಜ ಹೇಳಬೇಕೆಂದರೆ ಬೈಕು ಇದನ್ನು ಮೊದಲೇ ಹೇಳಿತ್ತು. ಸ್ಟಾರ್ಟ್ ಆಗದಾಗ ಸ್ಪೀಡೋಮೀಟರ್ ಪಕ್ಕದ ಹಸಿರು ನ್ಯೂಟ್ರಲ್ ದೀಪ ಆರುತ್ತಿತ್ತು, ಬ್ರೇಕ್ ದೀಪ ಮಾತ್ರ ಮಂಕಾಗುತ್ತಲೇ ಇರಲಿಲ್ಲ. ನನ್ನ ಗಾಡಿಯಲ್ಲಿ ನ್ಯೂಟ್ರಲ್ ದೀಪಕ್ಕೆ ಅರ್ಥ್ ಸಿಗುವುದು ಇಂಜಿನ್ ಬಾಡಿಯಿಂದ. ಬ್ರೇಕ್ ದೀಪಕ್ಕೆ ಬೇರೆ ವೈರ್‌ನಲ್ಲಿ ನೇರ ಬ್ಯಾಟರಿಯಿಂದ. ಬ್ಯಾಟರಿ ಸೋತಿದ್ದರೆ ಎರಡೂ ಮಂಕಾಗಬೇಕಿತ್ತು, ಅಲ್ವಾ? ನೋಡಿದ್ದೆ, ಯೋಚಿಸಿರಲಿಲ್ಲ. ಬ್ಯಾಟರಿ ಸತ್ತಿದ್ದರೆ ಬೈಕು ಅಲುಗಾಡಿಸಿದ ಮಾತ್ರಕ್ಕೆ ಬದುಕುವುದೂ ಇಲ್ಲ. ಪಂಪಿನಲ್ಲೇ ಹೊಳೆಯಬೇಕಿತ್ತು.

ಬಿಚ್ಚುವಾಗ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು, ಹಾಕುವಾಗ ಅದನ್ನು ಕೊನೆಗೆ ಹಾಕಬೇಕು. ಇಲ್ಲದಿದ್ದರೆ ಪ್ಲಸ್ ಬಿಚ್ಚುತ್ತಿರುವ ಪಾನಾ ಫ್ರೇಮಿಗೆ ತಾಗಿ ಕಿಡಿ ಹಾರುತ್ತದೆ. ಇಂಜಿನ್ ಹಿಂಭಾಗದಲ್ಲಿ ಅರ್ಥ್ ಕೇಬಲ್ ಕೂತಿದ್ದ ಬೋಲ್ಟ್ ಬಿಚ್ಚಿದೆ. ವಾಷರ್ ಕೆಳಗೆ ಬಿಳಿ ಪುಡಿ. ಅದನ್ನು ಉಜ್ಜಿ, ಮತ್ತೆ ಜೋಡಿಸಿ ಅಳೆದರೂ 0.6. ಆಗ ಕೇಬಲ್ ತುದಿಯ ರಬ್ಬರ್ ಕೊಯ್ದೆ. ಒಳಗೆ ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು, ಬೆರಳಿಂದ ಮುಟ್ಟಿದರೆ ಉದುರುತ್ತಿದ್ದವು. ಹೊರಗಿನಿಂದ ಮಾತ್ರ ಹೊಚ್ಚ ಹೊಸ ಕೇಬಲ್! ಉಪ್ಪು ಗಾಳಿ ಮಳೆನೀರಿನ ಜೊತೆ ಒಳಗೇ ಕೆಲಸ ಮಾಡಿತ್ತು. ಅಷ್ಟೇ ದಪ್ಪದ ಹೊಸ ಕೇಬಲ್ ಕೊಂಡು, ತುದಿಗೆ ಬೋಲ್ಟಿಗೆ ಕೂರುವ ತಾಮ್ರದ ಬಳೆ, ಅಂದರೆ ಲಗ್, ಒತ್ತಿಸಿ, ಇಂಜಿನ್ ಮೇಲಿನ ಜಾಗವನ್ನು ಸ್ಯಾಂಡ್ ಪೇಪರಿನಿಂದ ಹೊಳೆಯುವ ಹಾಗೆ ತಿಕ್ಕಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಬಳಿದೆ. ಮತ್ತೆ ಅಳೆದಾಗ 0.1.

ಚಾರ್ಜಿಂಗ್ ಕೂಡ ನೋಡಿದೆ, ಎಕ್ಸಲರೇಟರ್ ಕೊಟ್ಟಾಗ 14.2, ತೊಂದರೆ ಇಲ್ಲ. ಗಾಡಿ ನಿಂತಾಗ ಕರೆಂಟ್ ಸೋರುತ್ತಿದೆಯಾ ಎಂದು ಅಳೆಯಲು ಮೈನಸ್ ಬಿಚ್ಚಿ ಮೀಟರನ್ನು ನಡುವೆ ಸೇರಿಸಿದೆ. ಎರಡು ಮಿಲಿಆಂಪ್ ಕೂಡ ಇರಲಿಲ್ಲ. 50 ಮಿಲಿಆಂಪ್ ಸೋರಿದರೆ 5 ಆಂಪಿಯರ್ ಅವರ್‌ನ ಬ್ಯಾಟರಿ ನೂರು ಗಂಟೆಯಲ್ಲಿ, ಅಂದರೆ ಸುಮಾರು ನಾಲ್ಕು ದಿನದಲ್ಲಿ ಖಾಲಿ. ಮೀಟರ್ ಹಾಗೆ ಸೇರಿಸಿದ್ದಾಗ ಮರೆತೂ ಸ್ಟಾರ್ಟರ್ ಒತ್ತಬೇಡಿ. ಅಕ್ಕನ ಮಗ ಅಭ್ಯಾಸಬಲದಿಂದ ಕೀ ತಿರುಗಿಸಿ ಒತ್ತಿಬಿಟ್ಟ. ಮೀಟರಿನ ಫ್ಯೂಸ್ ಹೋಯಿತು.

ಮೆಕ್ಯಾನಿಕ್‌ಗೆ ಹಳೆ ಕೇಬಲ್ ತೋರಿಸಿದೆ. ತುದಿಯನ್ನು ಬೆರಳಲ್ಲಿ ಹಿಸುಕಿ, ಹಸಿರು ಪುಡಿ ನೋಡಿ ನಕ್ಕರು. “ಇದನ್ನ ಇಲ್ಲೇ ಇಟ್ ಹೋಗ್ರಿ ಸರ, ನಮ್ ಹುಡುಗೂರಿಗೆ ತೋರ್ಸತೀನಿ.” ಕೊಟ್ಟು ಬಂದೆ. ಎಕ್ಸ್‌ಚೇಂಜಿಗೆ ಹೋದ ನನ್ನ ಹಳೆ ಬ್ಯಾಟರಿ ಬಗ್ಗೆ ಇಬ್ಬರೂ ಮಾತಾಡಲಿಲ್ಲ.