ಹಳೇ ಬೋರ್ಡಿನಲ್ಲಿ ಚಿನ್ನ ಎಷ್ಟಿದೆ: ನಾನು ಲೆಕ್ಕ ಹಾಕುವ ರೀತಿ

ಹಳೇ ಸರ್ಕ್ಯೂಟ್ ಬೋರ್ಡು ಕೊಳ್ಳಲು ಶುರು ಮಾಡಿದ ಹೊಸದರಲ್ಲಿ ನಾನು ಬಣ್ಣ ನೋಡಿಯೇ ಬೆಲೆ ಕಟ್ಟುತ್ತಿದ್ದೆ. ಒಮ್ಮೆ ಒಂದು ಮೂಟೆ ಖಾಲಿ ಬೋರ್ಡು ಸಿಕ್ಕಿತು. ಬಿಡಿಭಾಗ ಕೂರಿಸದೆ ಉಳಿದ ಮಾಲು, ಮೇಲೆಲ್ಲ ಹಳದಿ ಹೊಳಪು. ಮಾರುವವರು ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್‌-ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ತೋರಿಸುವುದು) ಹಿಡಿದು ಚಿನ್ನದ ಶೇಕಡಾವಾರನ್ನೂ ತೋರಿಸಿದರು. ನಂಬಿ ಕೊಂಡೆ. ಕರಗಿಸಿ ಪರೀಕ್ಷೆ ಮಾಡಿಸಿದಾಗ ನಾನು ಅಂದುಕೊಂಡದ್ದರ ಹತ್ತನೇ ಒಂದು ಪಾಲೂ ಬರಲಿಲ್ಲ. ತುಂಬಾ ನೋವಾಯಿತು.

ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ನೋಡುವುದು ಮೇಲ್ಪದರವನ್ನು, ಅದೂ ಹಿಡಿದ ಜಾಗದಲ್ಲಿ ಮಾತ್ರ. ಆ ಶೇಕಡಾವಾರನ್ನು ಇಡೀ ಮೂಟೆಯ ತೂಕಕ್ಕೆ ಗುಣಿಸಿದ್ದು ನನ್ನ ತಪ್ಪು.

ಆಮೇಲೆ ನಾನು ಹಿಡಿದ ದಾರಿ ಇದು: ವಿಸ್ತೀರ್ಣ ಅಳೆ, ದಪ್ಪ ಊಹಿಸು, ಗುಣಿಸು. 100 ಚದರ ಸೆಂಟಿಮೀಟರ್ ಜಾಗಕ್ಕೆ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ ಚಿನ್ನ ಬಳಿದರೆ ಅದರ ತೂಕ 0.193 ಗ್ರಾಂ. ಇದೊಂದು ಅಂಕಿ ಬಾಯಿಪಾಠ ಇದ್ದರೆ ಸಾಕು.

ಹಳೇ ಕಂಪ್ಯೂಟರಿನ 168 ಪಿನ್ನಿನ ರ‍್ಯಾಮ್ ಒಂದನ್ನು ಕೈಗೆ ತಗೊಳ್ಳಿ. ಅಂಚಿನ ಒಂದೊಂದು ಪಿನ್ನೂ, ಅಂದರೆ ಚಿನ್ನ ಬಳಿದ ಬೆರಳಿನಂಥ ಪಟ್ಟಿಯೂ, ಸುಮಾರು 1 ಮಿ.ಮೀ. ಅಗಲ, 3 ಮಿ.ಮೀ. ಉದ್ದ. ಎರಡೂ ಕಡೆ ಸೇರಿ 5 ಚದರ ಸೆಂಟಿಮೀಟರ್. ಸಾಕೆಟ್ಟಿಗೆ ಹಾಕಿ ತೆಗೆಯುವ ಅಂಚಿಗೆ ಬೇಗ ಸವೆಯದ ಗಡುಸು ಚಿನ್ನದ ಲೇಪ ಬೇಕು. ಒಳ್ಳೆ ಮಾಲಿನಲ್ಲಿ ಅದು 0.76 ಮೈಕ್ರಾನ್ ಇರುತ್ತದೆ. ಅಂದರೆ ಒಂದು ರ‍್ಯಾಮಿನ ಅಂಚಿಗೆ ಹೆಚ್ಚೂಕಡಿಮೆ 7 ಮಿಲಿಗ್ರಾಂ. ಅಗ್ಗದ ಮಾಲಿನಲ್ಲಿ ದಪ್ಪ ಇದಕ್ಕಿಂತ ತುಂಬಾ ಕಡಿಮೆ, ಹಾಗಾಗಿ ನಾನು ಅರ್ಧಕ್ಕೇ ಲೆಕ್ಕ ಹಿಡಿಯುತ್ತೇನೆ.

ನನ್ನ ಆ ಮೂಟೆಯ ಬೋರ್ಡುಗಳಲ್ಲಿ ಇದ್ದದ್ದು ಬೆಸುಗೆ ಚೆನ್ನಾಗಿ ಹಿಡಿಯಲಿ ಅಂತ ನಿಕ್ಕಲ್ ಮೇಲೆ ಬಳಿದ ಚಿನ್ನ. ಅದರ ದಪ್ಪ 0.05 ಮೈಕ್ರಾನಿನ ಆಸುಪಾಸು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಚಿನ್ನದ ವ್ಯತ್ಯಾಸ ಹದಿನೈದು ಪಟ್ಟು! ಈಗ ಅನುಮಾನ ಬಂದರೆ ಇಂಕ್ ಅಳಿಸುವ ಒರಟು ರಬ್ಬರ್ ತಗೊಂಡು ಒಂದು ಮೂಲೆಯಲ್ಲಿ ಉಜ್ಜುತ್ತೇನೆ. ತೆಳು ಲೇಪ ಬೇಗ ಸವೆದು ಬಿಳಿ ನಿಕ್ಕಲ್ ಇಣುಕುತ್ತದೆ. ಅಂಚಿನ ಬೆರಳು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಇನ್ನೊಂದು, ಐಸಿಗಳ (ಬೋರ್ಡಿನ ಮೇಲಿನ ಕಪ್ಪು ಚಿಪ್ಪುಗಳ) ಮೇಲಿನ ಅಂಕಿ ಓದಲು ಕಲಿಯಿರಿ. 9432 ಅಂತಿದ್ದರೆ ಸಾಮಾನ್ಯವಾಗಿ 1994ರ 32ನೇ ವಾರ ತಯಾರಾದದ್ದು ಅಂತ ಅರ್ಥ. ನನಗೆ ಬಣ್ಣಕ್ಕಿಂತ ಈ ಅಂಕಿಯೇ ಜಾಸ್ತಿ ಹೇಳುತ್ತದೆ. ಆ ಕಾಲದ ಐಸಿಗಳ ಒಳಗೆ ಕೂದಲಿಗಿಂತ ಸಣ್ಣ ಚಿನ್ನದ ತಂತಿ ಇರುತ್ತದೆ. ಆಮೇಲೆ ತುಂಬಾ ಕಡೆ ತಾಮ್ರ ಬಂತು. ಪುಟ್ಟ ಸೆರಾಮಿಕ್ ಕೆಪಾಸಿಟರ್‌ಗಳ ಕಥೆಯೂ ಹಾಗೇ. ಹಳೆಯವುಗಳ ಒಳಗೆ ಪಲ್ಲಾಡಿಯಂ, ಬೆಳ್ಳಿ ಇರುತ್ತಿತ್ತು. 1990ರ ದಶಕದಿಂದ ತಯಾರಕರು ನಿಕ್ಕಲ್ ಕಡೆ ಹೊರಳಿದರು. ರಿಲೇಗಳ ಸಂಪರ್ಕ ಬಿಂದುಗಳಲ್ಲಿ ಬೆಳ್ಳಿ ಸಿಗುತ್ತದೆ, ಆದರೆ ಕೆಲವದರಲ್ಲಿ ಕ್ಯಾಡ್ಮಿಯಂ ಸೇರಿರುತ್ತದೆ. ಅದು ವಿಷ. ದಯವಿಟ್ಟು ಕಾಯಿಸಬೇಡಿ, ಉಜ್ಜಿ ಪುಡಿ ಮಾಡಬೇಡಿ.

ಮನೆಯಲ್ಲಿ ಆಸಿಡ್ ಹಾಕಿ ಚಿನ್ನ ತೆಗೆಯುವುದನ್ನೂ ನಾನು ಮಾಡುವುದಿಲ್ಲ. ಆಗ ಏಳುವ ಕಂದು ಹೊಗೆ ಶ್ವಾಸಕೋಶ ಸುಡುತ್ತದೆ. ನನ್ನ ಕೆಲಸ ಅಂದಾಜು ಮಾಡುವುದು, ಬೇರೆ ಮಾಡಿ ಕೊಡುವುದು, ಅಷ್ಟೇ.

ತೂಗುವ ಮೊದಲು ಅಲ್ಯೂಮಿನಿಯಂ ಹೀಟ್‌ಸಿಂಕ್, ಟ್ರಾನ್ಸ್‌ಫಾರ್ಮರ್, ಕಬ್ಬಿಣದ ಪಟ್ಟಿ, ಬ್ಯಾಟರಿ ಎಲ್ಲಾ ಬಿಚ್ಚಿಡುತ್ತೇನೆ. ಪವರ್ ಸಪ್ಲೈಯ ಕಂದು ಬೋರ್ಡು ಒಂದು ಕಡೆ, ಮದರ್‌ಬೋರ್ಡು ಒಂದು ಕಡೆ, ರ‍್ಯಾಮ್ ಮತ್ತು ಟೆಲಿಕಾಂ ಬೋರ್ಡು ಇನ್ನೊಂದು ಕಡೆ. ಹಳೇ ಸೆರಾಮಿಕ್ ಪ್ರೊಸೆಸರ್ ಸಿಕ್ಕರೆ ಅದನ್ನು ಎಣಿಸಿಯೇ ಇಡುತ್ತೇನೆ, ಮೂಟೆಗೆ ಸೇರಿಸುವುದಿಲ್ಲ. ಎಲ್ಲಾ ಕಲಸಿ ಕೊಟ್ಟರೆ ಕೊಳ್ಳುವವರು ಕಂದು ಬೋರ್ಡಿನ ದರವನ್ನೇ ಹೇಳುತ್ತಾರೆ.

ದೊಡ್ಡ ಮಾಲಾದರೆ ಮೊದಲು ಒಂದೇ ಜಾತಿಯ ಬೋರ್ಡುಗಳಿಂದ ಸ್ವಲ್ಪ ಮಾದರಿ ಕಳಿಸುತ್ತೇನೆ. ಮೂಟೆಯ ಮೇಲಿಂದ, ನಡುವಿನಿಂದ, ತಳದಿಂದ ಆರಿಸಿದ್ದು. ಅದನ್ನು ಪುಡಿ ಮಾಡಿ, ಕರಗಿಸಿ ಪರೀಕ್ಷಿಸಿದ ಫಲಿತಾಂಶ ಬಂದು ನನ್ನ ಲೆಕ್ಕದ ಪಕ್ಕ ಬರೆದುಕೊಂಡ ಮೇಲೆಯೇ ಉಳಿದ ಮಾಲಿಗೆ ಬೆಲೆ ಮಾತಾಡುತ್ತೇನೆ.